ಖೋವಾ ಹೋಳಿಗೆ ಪ್ರಕರಣ: ಆರೋಪಿಯ ಹೆಸರು ತಪ್ಪಾಗಿದೆ

ನಮ್ಮ ವಲಯದ ಆಹಾರ ಸುರಕ್ಷತಾ ಅಧಿಕಾರಿಗಳಾದ ಮಾನ್ಯರೇ,

ಕಳೆದ ಮಂಗಳವಾರ ನಿಮ್ಮ ಕಚೇರಿಯ ಆಮಂತ್ರಣ ನನ್ನ ಕೈ ಸೇರಿತು. ಮುಂದಿನ ತಿಂಗಳು ನೀವು ನಡೆಸಲಿರುವ ಸುರಕ್ಷಿತ ಆಹಾರ ಸಪ್ತಾಹದಲ್ಲಿ ಯಶಸ್ವಿ ಮಹಿಳಾ ಉದ್ಯಮಿಯಾಗಿ ನಾನು ಮಾತನಾಡಬೇಕಂತೆ. ಶಾಲು, ಹಾರ, ನೆನಪಿನ ಕಾಣಿಕೆ ಇರುತ್ತದೆ ಎಂದೂ ಕೆಳಗೆ ಬರೆದಿದ್ದೀರಿ. ಅದೇ ಮಂಗಳವಾರ ಬೆಳಿಗ್ಗೆ, ನೀವು ಹೂಡಿದ ಪ್ರಕರಣದ ಒಂದನೇ ಆರೋಪಿ ಚಾಮರಾಜಪೇಟೆಯ ಪಂಚಾಕ್ಷರಯ್ಯನವರು ನ್ಯಾಯಾಲಯದ ಹೊರಗೆ ಮೂರು ಗಂಟೆ ನಿಂತಿದ್ದು, ಮುಂದಿನ ದಿನಾಂಕ ಬರೆದುಕೊಂಡು ಮನೆಗೆ ಹೋದರು. ಆ ಪ್ರಕರಣದಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಆ ಸಾವಿಗೆ ಕಾರಣವಾದ ಮಾತನ್ನು ಹೇಳಿದವಳು ನಾನು. ಇದನ್ನು ನಿಮಗೆ ಮೂರು ಸಲ ಬರೆದು ಕೊಟ್ಟಿದ್ದೇನೆ. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿದ್ದಿದೆ, ಒಂದಕ್ಕೂ ಉತ್ತರ ಬಂದಿಲ್ಲ. ನಿಮ್ಮ ಸಭೆಗೆ ನಾನು ಬರುವುದಿಲ್ಲ. ಅಲ್ಲಿ ಹೇಳಬೇಕಾಗಿದ್ದನ್ನು ಎಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನೀವು ಕೊಟ್ಟ ವಿಷಯ 'ಫ್ರೋಜನ್ ಆಹಾರ: ಒಂದು ಮಳಿಗೆಯಿಂದ ಐದು ಮಳಿಗೆಗೆ'. ನಿಮ್ಮ ಕಚೇರಿಯಲ್ಲಿ ಲೆಕ್ಕ ಹಾಕಿದವರು ಯಾರೋ ತಿಳಿಯದು. ಐದರಲ್ಲಿ ಒಂದಕ್ಕೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದವರು ನೀವೇ ಅಲ್ಲವೇ?

ನಾನು ಹನ್ನೆರಡು ವರ್ಷ ಕಾಲೇಜಿನಲ್ಲಿ ಗೃಹವಿಜ್ಞಾನ ಪಾಠ ಮಾಡಿದವಳು. ಆ ಕೆಲಸ ಬಿಟ್ಟು ಬಸವನಗುಡಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಅವರೆಕಾಯಿ ಸುಲಿಸಲು ಶುರು ಮಾಡಿದೆ. ಹಿತಕಿದ ಬೇಳೆಯ ಸಾರು ಮೇ ತಿಂಗಳಲ್ಲೂ ಬೇಕೆನ್ನುವ ಜನ ನಮ್ಮಲ್ಲಿ ಎಷ್ಟಿದ್ದಾರೆಂದು ಆಗ ಗೊತ್ತಾಯಿತು. ಡಿಸೆಂಬರಿನಲ್ಲಿ ಸುಲಿದು ಹೆಪ್ಪುಗಟ್ಟಿಸಿಟ್ಟ ಬೇಳೆ ಬೇಸಿಗೆಯಲ್ಲಿ ಸಾಲದಾಗುತ್ತಿತ್ತು. ಆಮೇಲೆ ಅರೆಬೆಂದ ಚಪಾತಿ, ನುಚ್ಚಿನುಂಡೆ, ತೆಂಗಿನ ತುರಿ, ಕಾಯಿ ಹೋಳಿಗೆ, ಕೊನೆಗೆ ಖೋವಾ ಹೋಳಿಗೆ. 'ತಂಪುಬುತ್ತಿ' ಎಂದು ಹೆಸರಿಟ್ಟೆ. ಗಾಂಧಿ ಬಜಾರಿನ ಹತ್ತಿರ ನನ್ನದೇ ಮಳಿಗೆ, ಎರಡನೇ ವರ್ಷ ಸಂಪಿಗೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ಮೊದಲ ಫ್ರಾಂಚೈಸಿ. ಸರಕು ನನ್ನದು, ಹೆಸರು ನನ್ನದು. ಅಂಗಡಿ, ಪರವಾನಗಿ, ಕರೆಂಟು ಬಿಲ್ಲು ಅವರದು. ಹೀಗೆ ಬೆಳೆಯುವುದು ಎಷ್ಟು ಸುಲಭ ಎಂದು ಯಾರಾದರೂ ಕೇಳಿದರೆ ನಾನು ಹೆಮ್ಮೆಯಿಂದ ವಿವರಿಸುತ್ತಿದ್ದೆ. ಅದು ಸುಲಭವಾಗಿದ್ದು ಏಕೆಂದು ಈಗ ಅರ್ಥವಾಗಿದೆ. ಬೆಳವಣಿಗೆ ನನ್ನ ಕಡೆಗೂ ಅಪಾಯ ಇನ್ನೊಬ್ಬರ ಕಡೆಗೂ ಹೋಗುವ ಹಾಗೆ ಕಾಗದ ಮಾಡಿಸಿದ್ದೆ.

ಪಂಚಾಕ್ಷರಯ್ಯನವರು ಬಂದದ್ದು ಮೂರನೆಯವರಾಗಿ. ಅವೆನ್ಯೂ ರಸ್ತೆಯ ಒಂದು ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿದವರು. ಮುದ್ರಣಾಲಯ ಮುಚ್ಚಿತು, ಕೈಗೆ ಬಂದ ಇಡುಗಂಟನ್ನು ತಂದು ಇದರಲ್ಲಿ ಹಾಕಿದರು. ಮೊದಲ ದಿನ ನನ್ನ ಮೇಜಿನ ಮುಂದೆ ಕುಳಿತು ಹೇಳಿದ್ದು ನೆನಪಿದೆ.

"ಮೇಡಂ, ಬಾಯಿ ಮಾತಲ್ಲಿ ಮಾರೋದು ನಂಗೆ ಬರಲ್ಲ. ಬರ್ಕೊಂಡು, ನೋಡ್ಕೊಂಡು ಮಾಡೋ ಕೆಲಸ ಆದ್ರೆ ಮಾಡ್ತೀನಿ."

ಒಪ್ಪಂದದ ಇಪ್ಪತ್ತೆರಡು ಪುಟವನ್ನೂ ಅವರು ಎರಡು ದಿನ ಕೂತು ಓದಿದರು. ಉಳಿದ ಮೂವರಲ್ಲಿ ಯಾರೂ ಓದಿರಲಿಲ್ಲ. ಓದಿ ಬಂದು ಎರಡೇ ಪ್ರಶ್ನೆ ಕೇಳಿದರು. ಮಳಿಗೆಯಲ್ಲಿರುವ ಸರಕಿಗೆ ಪರವಾನಗಿದಾರನೇ ಪೂರ್ತಿ ಹೊಣೆ ಎನ್ನುವ ಹದಿನಾಲ್ಕನೇ ಕಲಮು ಯಾಕೆ ಎಂಬುದು ಮೊದಲನೆಯದು. "ಎಲ್ಲಾ ಅಗ್ರಿಮೆಂಟಲ್ಲೂ ಇರೋದೇ, ತಲೆ ಕೆಡಿಸ್ಕೋಬೇಡಿ" ಎಂದೆ. ಜನರೇಟರ್ ಕಂಪನಿಯಿಂದ ಎಂದು ಬರೆದಿದೆಯಲ್ಲ, ಯಾವಾಗ ಬರುತ್ತದೆ ಎಂಬುದು ಎರಡನೆಯದು. "ಮುಂದಿನ ತಿಂಗಳು" ಎಂದೆ. ಹನ್ನೊಂದು ತಿಂಗಳು ಅದನ್ನೇ ಹೇಳಿದೆ.

ಅವರ ಹೆಂಡತಿ ವಿಶಾಲಮ್ಮ ಗಲ್ಲಾದಲ್ಲಿ ಕೂರುತ್ತಿದ್ದರು, ಪಂಚಾಕ್ಷರಯ್ಯನವರು ಫ್ರೀಜರುಗಳನ್ನು ನೋಡಿಕೊಳ್ಳುತ್ತಿದ್ದರು. ದಿನಕ್ಕೆ ಮೂರು ಸಲ ಥರ್ಮಾಮೀಟರ್ ನೋಡಿ ತಾವೇ ರಟ್ಟು ಕಟ್ಟಿದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಗಾಂಧಿ ಬಜಾರಿನ ನನ್ನ ಸ್ವಂತ ಮಳಿಗೆಯಲ್ಲಿ ಪುಸ್ತಕವಿತ್ತು, ದಿನವೂ ಬರೆಯುವವರಿರಲಿಲ್ಲ. ತಿಂಗಳ ಕೊನೆಯಲ್ಲಿ ಕೂತು ಒಟ್ಟಿಗೆ ತುಂಬಿಸುತ್ತಿದ್ದೆವು.

ಇನ್ನು ನಿಮ್ಮ ಕಚೇರಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪರಿವೀಕ್ಷಕರು ಆ ಮಳಿಗೆಗೆ ಎರಡು ಸಲ ಬಂದಿದ್ದರು. ಥರ್ಮಾಮೀಟರ್ ತಂದಿದ್ದನ್ನು ಯಾರೂ ನೋಡಲಿಲ್ಲ. ಕೈಚೀಲ ತಂದಿದ್ದನ್ನು ವಿಶಾಲಮ್ಮ ನೋಡಿದ್ದಾರೆ, ಅದು ತುಂಬಿ ಹೋಗಿದ್ದನ್ನೂ ನೋಡಿದ್ದಾರೆ. ಎರಡನೆಯ ಭೇಟಿಯ ವರದಿಯ ಪ್ರತಿ ನನ್ನ ಬಳಿಯಿದೆ. ಅದರಲ್ಲಿ 'ಪರ್ಯಾಯ ವಿದ್ಯುತ್ ವ್ಯವಸ್ಥೆ' ಎಂಬ ಸಾಲಿನ ಮುಂದೆ 'ಇದೆ' ಎಂದು ಬರೆದು ಸಹಿ ಹಾಕಲಾಗಿದೆ. ಇಲ್ಲದ ಜನರೇಟರ್ ನಿಮ್ಮವರ ಕಣ್ಣಿಗೆ ಎಲ್ಲಿ ಕಂಡಿತು? ಆ ದಿನ ಪಂಚಾಕ್ಷರಯ್ಯನವರು "ಇನ್ನೂ ಬಂದಿಲ್ಲ ಸಾರ್, ಮೇಡಂ ಕಳಿಸ್ತೀನಿ ಅಂದಿದಾರೆ" ಎಂದರಂತೆ. "ಬರತ್ತಲ್ಲ, ಬಿಡಿ" ಎಂದು ನಿಮ್ಮವರು ಬರೆದುಕೊಂಡು ಹೋದರಂತೆ. ಆ ವರದಿಗೂ ನಾನು ಮುಂದೆ ಹೇಳುವುದಕ್ಕೂ ಮಧ್ಯೆ ಇದ್ದದ್ದು ಮೂರು ವಾರ.

ಮೇ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಗಾಳಿಮಳೆ ಬಂತು. ಚಾಮರಾಜಪೇಟೆಯ ಆ ಬೀದಿಯಲ್ಲಿ ಮರವೊಂದು ಕಂಬದ ಮೇಲೆ ಬಿದ್ದು ಮೂರು ಗಂಟೆಗೆ ಕರೆಂಟು ಹೋಯಿತು. ಮತ್ತೆ ಬಂದದ್ದು ಭಾನುವಾರ ಸಂಜೆ ಐದಕ್ಕೆ. ವಿದ್ಯುತ್ ಇಲಾಖೆಯವರನ್ನು ನಾನು ದೂರುವುದಿಲ್ಲ. ಮರ ಬಿತ್ತು, ಅವರು ತೆಗೆದರು. ನಾನು ಕಳಿಸಬೇಕಿದ್ದ ಜನರೇಟರ್ ಇದ್ದಿದ್ದರೆ ಆ ದಿನ ಅಂಗಡಿಗೆ ಏನೂ ಆಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಪಂಚಾಕ್ಷರಯ್ಯನವರು ಫೋನ್ ಮಾಡಿದರು.

"ಮೇಡಂ, ಫ್ರೀಜರ್ ಹನ್ನೆರಡು ಡಿಗ್ರಿ ತೋರಿಸ್ತಿದೆ. ಹೋಳಿಗೆ ಎಲ್ಲಾ ಮೆತ್ತಗಾಗಿದೆ. ಬೇಳೆ ಪ್ಯಾಕೆಟ್ಟಲ್ಲಿ ನೀರು ನಿಂತಿದೆ. ಎಲ್ಲಾ ತೆಗ್ದು ಬಿಸಾಕ್ಬಿಡ್ಲಾ?"

ಅವತ್ತು ಸಂಜೆ ಆರನೇ ಮಳಿಗೆಗೆ ಫ್ರಾಂಚೈಸಿ ಕೇಳಿಕೊಂಡು ಬಂದಿದ್ದ ದಂಪತಿ ಮಳಿಗೆಗಳನ್ನು ನೋಡುವವರಿದ್ದರು. ಚಾಮರಾಜಪೇಟೆಯ ಮಳಿಗೆಯನ್ನೇ ಮೊದಲು ತೋರಿಸುತ್ತೇನೆಂದು ನಾನೇ ಹೇಳಿದ್ದೆ, ಅದು ಅಷ್ಟು ಅಚ್ಚುಕಟ್ಟಾಗಿರುತ್ತಿತ್ತು. ಖಾಲಿ ಫ್ರೀಜರ್ ತೋರಿಸಿ ವ್ಯಾಪಾರ ಕುದುರಿಸುವುದು ಹೇಗೆ?

"ಎಲ್ಲಾನೂ ಯಾಕೆ ಬಿಸಾಕ್ತೀರಾ? ಮುಟ್ಟಿದ್ರೆ ಇನ್ನೂ ತಣ್ಣಗಿದೆ ತಾನೇ" ಎಂದೆ.

"ತಣ್ಣಗೇನೋ ಇದೆ."

"ಮುಚ್ಚಿಡಿ. ಕರೆಂಟ್ ಬಂದ್ಮೇಲೆ ಮತ್ತೆ ಗಟ್ಟಿಯಾಗತ್ತೆ."

"ಒಂದ್ಸಲ ಯೋಚ್ನೆ ಮಾಡಿ ಹೇಳಿ ಮೇಡಂ. ನೀವು ಓದಿದೋರು" ಎಂದರು.

"ಯೋಚ್ನೆ ಮಾಡೇ ಹೇಳ್ತಿದೀನಿ" ಎಂದು ಇಟ್ಟೆ.

ಮಾನ್ಯರೇ, ನಿಜಕ್ಕೂ ನಾನು ಓದಿದವಳು. ಐದು ಡಿಗ್ರಿಯಿಂದ ಅರವತ್ತು ಡಿಗ್ರಿಯ ನಡುವೆ ಹಾಲಿನ ಪದಾರ್ಥದಲ್ಲಿ ಏನು ಬೆಳೆಯುತ್ತದೆ, ಒಮ್ಮೆ ಹುಟ್ಟಿದ ವಿಷ ಕಾವಲಿಯ ಮೇಲೆ ಬಿಸಿ ಮಾಡಿದರೂ ಏಕೆ ಹೋಗುವುದಿಲ್ಲ ಎಂಬುದನ್ನು ಹನ್ನೆರಡು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಹೆಣ್ಣುಮಕ್ಕಳಿಗೆ ಕಲಿಸಿದ್ದೇನೆ. ಆ ಫೋನು ಬಂದಾಗಲೂ ಅದು ನೆನಪಿತ್ತು. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ ಎಂದುಕೊಂಡೆ. ರಟ್ಟು ಕಟ್ಟುವ ಕೆಲಸ ಮಾಡಿದವರಿಗೆ ಅನುಮಾನ ಬಂತು, ಪಾಠ ಹೇಳಿದವಳಿಗೆ ಬರಲಿಲ್ಲ. ಪಂಚಾಕ್ಷರಯ್ಯನವರು ಅಂದಿನ ಪುಸ್ತಕದಲ್ಲಿ ಹನ್ನೆರಡು ಡಿಗ್ರಿ ಎಂದೇ ಬರೆದರು. ಸಂಜೆಯ ಸಾಲಿನಲ್ಲಿ 'ಕರೆಂಟು ಬಂತು, ಸರಕು ಮತ್ತೆ ತಣಿಸಿಡಲಾಗಿದೆ' ಎಂದು ಬರೆದರು. ನಿಮ್ಮ ಪ್ರಕರಣ ಪೂರ್ತಿ ನಿಂತಿರುವುದು ಆ ಎರಡು ಸಾಲಿನ ಮೇಲೆ. ಸುಳ್ಳು ಬರೆದಿದ್ದರೆ ಅವರು ಇಂದು ಆರೋಪಿಯಾಗಿರುತ್ತಿದ್ದರೇ? ನಮ್ಮ ಗಾಂಧಿ ಬಜಾರಿನ ಪುಸ್ತಕವನ್ನು ನೀವು ಅದೇ ವಾರ ತರಿಸಿ ನೋಡಿದಿರಿ. ಅದರಲ್ಲಿ ಎಲ್ಲ ದಿನವೂ ಒಂದೇ ಸಂಖ್ಯೆ ಇತ್ತು. 'ತೃಪ್ತಿಕರ' ಎಂದು ಷರಾ ಬರೆದಿರಿ.

ಸೋಮವಾರ ಹತ್ತಿರದ ಬೀದಿಯ ಜಾನಕಮ್ಮನವರು ಬಂದು ಖೋವಾ ಹೋಳಿಗೆ ಕೊಂಡರು. ಎಪ್ಪತ್ತೊಂದು ವರ್ಷ. ಮನೆಯಲ್ಲಿ ಸಂಗೀತ ಪಾಠ ಹೇಳುತ್ತಿದ್ದರು. ಮಗ ಚಿದಂಬರ, ಸೊಸೆ, ಇಬ್ಬರು ಮೊಮ್ಮಕ್ಕಳಿದ್ದ ತುಂಬಿದ ಮನೆ. ಅವತ್ತು ಪಾಠಕ್ಕೆ ಬರುವ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಪಾಸಾಗಿದ್ದಳಂತೆ, ಅವಳಿಗೂ ಕೊಡಬೇಕೆಂದು ಎರಡು ಪ್ಯಾಕೆಟ್ ಹೆಚ್ಚಿಗೆ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಆರು ಜನ ಆಸ್ಪತ್ರೆ ಸೇರಿದರು. ಐವರು ಎರಡು ಮೂರು ದಿನದಲ್ಲಿ ಮನೆಗೆ ಬಂದರು. ಜಾನಕಮ್ಮನವರಿಗೆ ಮೊದಲೇ ಮೂತ್ರಪಿಂಡದ ತೊಂದರೆಯಿತ್ತು. ವಾಂತಿಭೇದಿಯಿಂದ ಮೈ ಬತ್ತಿಹೋಗಿ ಶುಕ್ರವಾರ ಬೆಳಿಗ್ಗೆ ತೀರಿಕೊಂಡರು.

ಆಮೇಲೆ ನೀವು ಬಹಳ ಚುರುಕಾಗಿ ಕೆಲಸ ಮಾಡಿದಿರಿ. ಮಳಿಗೆಗೆ ಬೀಗ ಬಿತ್ತು. ಪಂಚಾಕ್ಷರಯ್ಯನವರನ್ನು ಪೊಲೀಸರು ಕರೆದುಕೊಂಡು ಹೋದರು, ಹನ್ನೊಂದು ದಿನ ಒಳಗಿದ್ದರು. ಮತ್ತೆ ತಣಿಸಿಡಲು ಯಾರು ಹೇಳಿದರು ಎಂದು ಕೇಳಿದಾಗ "ನನ್ನ ಅಂಗಡಿ, ನನ್ನ ಲೈಸೆನ್ಸು, ನಾನೇ ಮಾಡಿದ್ದು" ಎಂದರಂತೆ. ಅಷ್ಟೇ ಸಾಕಾಯಿತು ನಿಮಗೆ. ಆ ಬೆಳಿಗ್ಗೆ ಅವರ ಫೋನಿನಿಂದ ಯಾರಿಗೆ ಕರೆ ಹೋಯಿತು ಎಂದು ಯಾರೂ ನೋಡಲಿಲ್ಲ. ನನಗೆ ಬಂದದ್ದು ಒಂದು ಸಲಹಾ ಪತ್ರ: ಫ್ರಾಂಚೈಸಿದಾರರಿಗೆ ಇನ್ನಷ್ಟು ತರಬೇತಿ ಕೊಡಿ ಎಂದು.

ನನ್ನ ವಕೀಲರು ಹದಿನಾಲ್ಕನೇ ಕಲಮಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿ, "ಇದು ನಿಮ್ಮನ್ನ ಕಾಪಾಡತ್ತೆ, ನೀವು ಬಾಯಿ ಬಿಡದೆ ಇದ್ರೆ ಸಾಕು" ಎಂದರು. ನಾನು ಬಾಯಿ ಬಿಡಲಿಲ್ಲ. ನಲವತ್ತು ದಿನ. ಆಸ್ಪತ್ರೆಗೆ ಹೋಗಲಿಲ್ಲ, ಜಾನಕಮ್ಮನವರ ಮನೆಗೆ ಹೋಗಲಿಲ್ಲ, ಜೈಲಿಗೂ ಹೋಗಲಿಲ್ಲ. ಎಲ್ಲ ಮಳಿಗೆಗಳಿಗೂ ಜನರೇಟರ್ ಹಾಕಿಸಿದೆ. ಹನ್ನೊಂದು ತಿಂಗಳು ಆಗದಿದ್ದ ಕೆಲಸ ಎರಡು ವಾರದಲ್ಲಿ ಮುಗಿಯಿತು. ಸರಕು ತಯಾರಿಸುವ ನಮ್ಮ ಅಡುಗೆಮನೆಯ ಹದಿನೆಂಟು ಹೆಂಗಸರ ಸಂಬಳ ನಿಲ್ಲಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ನಲವತ್ತೊಂದನೆಯ ದಿನ ವಿಶಾಲಮ್ಮ ನಮ್ಮ ಮನೆಗೆ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಅಂಗಡಿಯ ಬಾಡಿಗೆ ಕರಾರು ಬಿಡಿಸಿಕೊಳ್ಳಲು ಕಂಪನಿಯ ಒಂದು ಸಹಿ ಬೇಕಿತ್ತು, ಅದಕ್ಕೆ ಬಂದಿದ್ದರು. ಒಳಗೆ ಕರೆದರೂ ಬರಲಿಲ್ಲ, ಜಗಲಿಯ ಮೇಲೆ ಕುಳಿತರು.

"ಅವರು ಹೇಗಿದಾರೆ?" ಎಂದೆ.

"ಇದಾರೆ. ಸೋಮವಾರ ಸೋಮವಾರ ಸ್ಟೇಷನ್ನಿಗೆ ಹೋಗಿ ಸೈನ್ ಹಾಕ್ಬರ್ತಾರೆ. ಊಟ ಕೊಟ್ರೆ ತಿರುಗ್ಸಿ ಮುರುಗ್ಸಿ ಮೂಸಿ ನೋಡ್ತಾರೆ. ನಾನ್ ಮಾಡಿದ ಅನ್ನಾನೇ ಮೂಸ್ತಾರೆ ಕಣಮ್ಮ."

ಸಹಿ ಹಾಕಿಕೊಟ್ಟೆ. ಎದ್ದು ಹೋಗುವಾಗ ಅವರು ತಿರುಗಿ ನಿಂತು, "ಆವತ್ತು ಅವರು ಸ್ಪೀಕರ್ ಆನ್ ಮಾಡ್ಕೊಂಡೇ ಮಾತಾಡಿದ್ದು. ನಾನು ಪಕ್ಕದಲ್ಲೇ ಇದ್ದೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದಾರೆ. ಅದಕ್ಕೇ ಹೇಳಿಲ್ಲ" ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇನ್ನೂ ಕೆಲವು ದಿನ ಸುಮ್ಮನಿರುತ್ತಿದ್ದೆನೋ ಏನೋ.

ಮಾರನೆಯ ದಿನ ನಿಮ್ಮ ಮುಂದೆ ಬಂದು ಕುಳಿತೆ. ನಿಮಗೆ ನೆನಪಿರಬೇಕು. ನಡೆದದ್ದನ್ನೆಲ್ಲ ಹೇಳಿದೆ, ಬರೆದೂ ತಂದಿದ್ದೆ. ನೀವು ಕಾಗದವನ್ನು ಓದದೆ ಪಕ್ಕಕ್ಕಿಟ್ಟು, ಕಾಫಿ ತರಿಸಿದಿರಿ.

"ಯಾಕ್ ಮೇಡಂ ಸುಮ್ನೆ ಮನಸ್ಸಿಗೆ ಹಚ್ಕೋತೀರಾ? ಚಾರ್ಜ್‌ಶೀಟ್ ಹೋಗಾಯ್ತು. ಅವನೇ ಒಪ್ಕೊಂಡಿದಾನೆ. ಅಗ್ರಿಮೆಂಟ್ ನೀವೇ ಬರ್ಸಿದ್ದಲ್ವಾ, ಅದು ಇರೋದೇ ನಿಮ್ಮಂಥೋರನ್ನ ಉಳ್ಸಕ್ಕೆ" ಎಂದಿರಿ.

"ಜನರೇಟರ್ ಕೊಡದೆ ಇದ್ದಿದ್ದು ನಾನು. ಅದನ್ನಾದ್ರೂ ಬರ್ಕೊಳ್ಳಿ" ಎಂದೆ.

ನೀವು ಕಡತ ತೆರೆದು ನೋಡಿ ಮತ್ತೆ ಮುಚ್ಚಿದಿರಿ. "ರಿಪೋರ್ಟಲ್ಲಿ ಜನರೇಟರ್ ಇದೆ ಅಂತಿದೆಯಲ್ಲ" ಎಂದಿರಿ.

ಆಗ ನನಗೆ ವಿಷಯ ತಿಳಿಯಿತು. ನನ್ನ ಹೆಸರು ಸೇರಿಸಿದರೆ ಜನರೇಟರಿನ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಬಂದರೆ ನಿಮ್ಮ ಪರಿವೀಕ್ಷಕರ ಸಹಿಯ ಪ್ರಶ್ನೆ ಬರುತ್ತದೆ, ಅದರ ಕೆಳಗೆ ಇರುವ ನಿಮ್ಮ ಸಹಿಯ ಪ್ರಶ್ನೆಯೂ ಬರುತ್ತದೆ. ಪಂಚಾಕ್ಷರಯ್ಯನವರೊಬ್ಬರೇ ಇದ್ದರೆ ಯಾವ ಪ್ರಶ್ನೆಯೂ ಬರುವುದಿಲ್ಲ. ನೀವು ನನ್ನನ್ನು ಉಳಿಸುತ್ತಿದ್ದೀರಿ ಎಂದು ನಾನು ಮೊದಲು ಭಾವಿಸಿದ್ದು ನನ್ನ ಅಹಂಕಾರ. ನೀವು ಉಳಿಸಿಕೊಳ್ಳುತ್ತಿದ್ದದ್ದು ನಿಮ್ಮನ್ನು. ನಾನು ನಿಮ್ಮ ನೆರಳಿನಲ್ಲಿ ಪುಕ್ಕಟೆಯಾಗಿ ಉಳಿದೆ, ಅಷ್ಟೇ. ಆಹಾರ ಸುರಕ್ಷತೆ ಎಂಬ ಹೆಸರಿನ ಕಚೇರಿಯಲ್ಲಿ ಆಹಾರವನ್ನು ಬಿಟ್ಟು ಎಲ್ಲವೂ ಸುರಕ್ಷಿತವಾಗಿದೆ.

ಅಲ್ಲಿಂದ ನಾನು ಜಾನಕಮ್ಮನವರ ಮನೆಗೆ ಹೋದೆ. ಚಿದಂಬರ ಅವರು ಬಾಗಿಲು ತೆರೆದರು. ನಿಂತುಕೊಂಡೇ ಎಲ್ಲ ಹೇಳಿದೆ. ನಾನು ಮುಗಿಸಿದ ಮೇಲೆ ಕೇಳಿದರು:

"ಆ ಮನುಷ್ಯ ಆಸ್ಪತ್ರೆಗೆ ದಿನಾ ಬರ್ತಿದ್ರು. ಒಳಗೆ ಬನ್ನಿ ಅಂದ್ರೂ ಬರ್ದೆ ವಾರ್ಡಿನ ಹೊರಗೆ ಬೆಂಚ್ ಮೇಲೆ ಕೂತಿರೋರು. ಅಮ್ಮ ಹೋದ ದಿನ ನಾನು ಅವರ ಕೆನ್ನೆಗೆ ಹೊಡ್ದೆ. ಅವಾಗಲೂ ಅವರು ನಿಮ್ಮ ಹೆಸರು ಹೇಳ್ಲಿಲ್ಲ. ಯಾಕೆ?"

"ನಂಗೊತ್ತಿಲ್ಲ" ಎಂದೆ.

"ಹೋಗಿ ಕೇಳಿ" ಎಂದು ಬಾಗಿಲು ಹಾಕಿಕೊಂಡರು.

ಹೋಗಿ ಕೇಳಿದೆ. ಪಂಚಾಕ್ಷರಯ್ಯನವರು ಮನೆಯ ನಡುಕೋಣೆಯಲ್ಲಿ ಯಾರದೋ ಹಳೆಯ ಪಂಚಾಂಗಕ್ಕೆ ಹೊಲಿಗೆ ಹಾಕುತ್ತಿದ್ದರು. ಸೂಜಿ ಕೆಳಗಿಟ್ಟು ಕುರ್ಚಿ ತೋರಿಸಿದರು. ಒಂದೂವರೆ ತಿಂಗಳಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೀವು ನಿಜ ಹೇಳಿಬಿಡಿ, ನಾನೂ ಹೇಳುತ್ತೇನೆ ಎಂದೆ.

"ಹೇಳಿ ಏನ್ ಮಾಡೋದು ಮೇಡಂ? ನಿಮ್ಮ ಹೆಸರು ಬಂದ್ರೆ ಅಡುಗೆಮನೆಗೂ ಬೀಗ ಹಾಕ್ತಾರೆ. ಹದಿನೆಂಟು ಜನ ಹೆಣ್ಮಕ್ಕಳು. ಮಿಕ್ಕ ಮೂರು ಅಂಗಡಿಯೋರೂ ನನ್ ಥರಾನೇ ಇದ್ದಬದ್ದಿದ್ದೆಲ್ಲಾ ಹಾಕಿದಾರೆ."

"ಅದಕ್ಕೆ ನೀವು ಜೈಲಿಗೆ ಹೋಗೋದಾ?"

ಅವರು ತಮ್ಮ ಬಲಗೈಯನ್ನು ಮಂಡಿಯ ಮೇಲಿಟ್ಟು ಅದನ್ನೇ ನೋಡುತ್ತ ಕುಳಿತರು. "ನೀವು ಹೇಳಿದ್ರಿ, ಸರಿ. ಆದ್ರೆ ನಂಗೆ ಗೊತ್ತಿತ್ತಲ್ಲ. ಸೋಮವಾರ ಆಯಮ್ಮ ಬಂದು ಹೋಳಿಗೆ ಚೆನ್ನಾಗಿದ್ಯಾ ಪಂಚಾಕ್ಷರಯ್ಯ ಅಂತ ಕೇಳಿದ್ರು. ಚೆನ್ನಾಗಿದೆ ತಗೊಳ್ಳಿ ಅಂದೆ. ಚೀಲಕ್ಕೆ ಹಾಕಿದ್ದು ಈ ಕೈ. ಅದನ್ನ ನಿಮ್ಮ ಮೇಲೆ ಹೇಗೆ ಹಾಕ್ಲಿ?"

ಮಾನ್ಯರೇ, ಅವರು ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ಅವರೇ ಹಾಗೆ ವಾದಿಸುವುದಿಲ್ಲ. ತಪ್ಪು ಯಾರ ಯಾರ ಕೈ ದಾಟಿ ಆ ಚೀಲಕ್ಕೆ ಬಿತ್ತು ಎಂಬುದು ನಿಮಗೆ ಗೊತ್ತಿದ್ದೂ ಒಬ್ಬರ ಕೈಯನ್ನು ಮಾತ್ರ ಹಿಡಿದುಕೊಂಡಿದ್ದೀರಿ, ಅದೂ ತಪ್ಪಿಸಿಕೊಳ್ಳಲು ಒದ್ದಾಡದ ಕೈಯನ್ನು. ಐದು ಮಳಿಗೆಯ ಹೆಸರಿನ ಹಲಗೆಯ ಮೇಲೆಲ್ಲ ನನ್ನ ಕಂಪನಿಯ ಹೆಸರಿದೆ. ಲಾಭ ಬಂದಾಗ ಅದು ಒಂದೇ ಸಂಸ್ಥೆ, ಸಾವು ಬಂದಾಗ ಐದು ಬೇರೆ ಬೇರೆ ಅಂಗಡಿ. ಇದು ಯಾವ ಕಾನೂನು? ಇಂಥ ಒಪ್ಪಂದಗಳು ಈ ಊರಿನಲ್ಲಿ ದಿನಕ್ಕೆ ಎಷ್ಟು ಬರೆಯಲ್ಪಡುತ್ತಿವೆ, ಇಡುಗಂಟು ಹಿಡಿದುಕೊಂಡು ಬಂದ ಎಷ್ಟು ಜನ ಓದದೆ ಸಹಿ ಹಾಕುತ್ತಿದ್ದಾರೆ ಎಂದು ನಿಮ್ಮ ಕಚೇರಿ ಎಂದಾದರೂ ಕೇಳಿದೆಯೇ?

ನಾನು ಕೇಳುವುದು ಇಷ್ಟು. ಮುಂದಿನ ವಿಚಾರಣೆಗೆ ಮೊದಲು ನನ್ನ ಹೇಳಿಕೆಯನ್ನು ಅಧಿಕೃತವಾಗಿ ದಾಖಲಿಸಿಕೊಳ್ಳಿ. ಪೂರಕ ಆರೋಪಪಟ್ಟಿ ಸಲ್ಲಿಸಿ, ಅದರಲ್ಲಿ ನನ್ನ ಹೆಸರನ್ನು ಮೊದಲನೆಯದಾಗಿ ಬರೆಯಿರಿ. ನಿಮ್ಮ ಪರಿವೀಕ್ಷಕರ ವರದಿಯನ್ನು ಬಚ್ಚಿಡದೆ ನ್ಯಾಯಾಲಯದ ಮುಂದಿಡಿ. ಆ ಭಾನುವಾರದ ಕರೆಯ ದಾಖಲೆಯನ್ನು ನಾನೇ ತರಿಸಿ ಲಗತ್ತಿಸಿದ್ದೇನೆ. ವಿಶಾಲಮ್ಮನವರಿಗೆ ಸಾಕ್ಷಿ ಹೇಳುವ ಕಷ್ಟ ಕೊಡಬೇಡಿ, ನಾನೇ ಹೇಳುತ್ತೇನೆ. ಅಡುಗೆಮನೆಯ ಹೆಂಗಸರಿಗೂ ಮಿಕ್ಕ ಮೂರು ಮಳಿಗೆಯವರಿಗೂ ಈ ಪತ್ರವನ್ನು ನಿನ್ನೆಯೇ ಓದಿ ಹೇಳಿದ್ದೇನೆ. ಇಬ್ಬರು ಎದ್ದು ಹೋದರು. ಉಳಿದವರು ಕೊನೆಯವರೆಗೂ ಕೂತು ಕೇಳಿದರು. ನಾಳೆ ಅವರ ಕೆಲಸ ಇರುತ್ತದೋ ಇಲ್ಲವೋ ನನಗೆ ತಿಳಿಯದು. ಅದಕ್ಕೂ ಹೊಣೆ ನಾನೇ, ಪಂಚಾಕ್ಷರಯ್ಯನವರಲ್ಲ.

ಅವರ ಪಾಲನ್ನು ಅವರು ಹೊತ್ತಿದ್ದಾರೆ. ನನ್ನ ಪಾಲನ್ನೂ ಅವರ ಹೆಗಲಿಗೇ ಹೇರಿ ನಡೆಸುತ್ತಿರುವವರು ನೀವು. ಇಳಿಸಿ.

ಇಂತಿ,
ಸಮನ್ಸಿಗಾಗಿ ಕಾದು ಕುಳಿತಿರುವ,
ಮೈತ್ರೇಯಿ
ಬಸವನಗುಡಿ